ಕತ್ತರಿಗೂ ಉಂಟೆ ಹೆಣ್ಣು-ಗಂಡೆಂಬ ಭೇದ?

ಮೇಷ್ಟರ ಕೆಲಸದಿಂದ ನಿವೃತ್ತನಾದವನಿಗೆ ಕೊನೆಗೆ ಉಳಿಯುವ ವಿದ್ಯಾರ್ಥಿಗಳೆಂದರೆ ಮೊಮ್ಮಕ್ಕಳು. ಅವರಾದರೂ ಪಾಠವನ್ನು ಕೇಳುವುದಕ್ಕಿಂತ ಹೇಳುವುದೇ ಹೆಚ್ಚು. ಕಳೆದ ಬೇಸಗೆಯಲ್ಲಿ ನನ್ನ ಹತ್ತು ವರ್ಷದ ಮೊಮ್ಮಗಳು ಮಧುಗಿರಿಯ ಒಂದು ಕ್ಷೌರದಂಗಡಿಯಲ್ಲಿ ನನಗೆ ಕಲಿಸಿದ ಪಾಠವನ್ನು ಓದುಗರ ಮುಂದಿಡುತ್ತಿದ್ದೇನೆ.

ಗಂಡಸರಿಗೂ ಹೆಂಗಸರಿಗೂ ಒಂದೇ ಸೂರಿನಡಿ ಕೆಲಸ ಮಾಡುವ ಹೊಸ ಅಂಗಡಿ ಅದು. ಮೊಮ್ಮಗಳೂ ನಾನೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತೆವು. ಅವಳ ಕೂದಲು ಮೊದಲೇ ಕಿವಿಯ ಮಟ್ಟಕ್ಕಿತ್ತು. ಅಂಚನ್ನು ಸರಿಮಾಡಿಸಿದರೆ ಸಾಕಾಗಿತ್ತು. ಕಾಲು ಗಂಟೆಯಲ್ಲಿ ಇಬ್ಬರದೂ ಮುಗಿಯಿತು. ನನಗೆ ೧೦೦ ರೂಪಾಯಿ, ಅವಳಿಗೆ ೨೫೦. ಗೋಡೆಯ ಮೇಲಿನ ದರಪಟ್ಟಿಯೂ ಹಾಗೆಯೇ ಹೇಳುತ್ತಿತ್ತು. ಅವಳು ನೆಲವನ್ನು ನೋಡಿದಳು. ನನ್ನ ನರೆಗೂದಲೂ ಅವಳ ಕರಿಗೂದಲೂ ಎರಡು ಪುಟ್ಟ ಗುಡ್ಡೆಗಳಾಗಿ ಬಿದ್ದಿದ್ದವು.

"ತಾತ, ನಿನ್ನ ಗುಡ್ಡೇನೇ ದೊಡ್ಡದಲ್ವಾ?" ಎಂದಳು.

ಅಂಗಡಿಯವರು ಸಜ್ಜನರು, ನಕ್ಕರು. "ಹೆಣ್ಮಕ್ಕಳ ರೇಟೇ ಬೇರೆ ಮೇಷ್ಟ್ರೇ. ಉದ್ದ ಕೂದಲು ತೊಳೀಬೇಕು, ಒಣಗಿಸಬೇಕು, ಮುಕ್ಕಾಲು ಗಂಟೆ ಹಿಡಿಯುತ್ತೆ" ಎಂದರು. ಮಾತು ನ್ಯಾಯವಾದದ್ದೇ. ಆದರೆ ಪಟ್ಟಿಯಲ್ಲಿ ಕೂದಲ ಉದ್ದದ ಮಾತಾಗಲಿ ವೇಳೆಯ ಮಾತಾಗಲಿ ಇರಲಿಲ್ಲ. ಅಲ್ಲಿದ್ದುದು 'ಗಂಡಸರು', 'ಹೆಂಗಸರು' ಎಂಬ ಎರಡೇ ಶಬ್ದ.

ನನ್ನ ಬಾಲ್ಯ ಕಳೆದ ಶಿರಾ ಸೀಮೆಯ ಹಳ್ಳಿಯಲ್ಲಿ ಕ್ಷೌರಕ್ಕೆ ದರಪಟ್ಟಿಯೇ ಇರಲಿಲ್ಲ. ಕ್ಷೌರಿಕರು ಊರಿನ ಆಯಗಾರರಲ್ಲೊಬ್ಬರು. ಸುಗ್ಗಿಯ ಕಣದಲ್ಲಿ ಮನೆಗಿಷ್ಟೆಂದು ಅಳೆದುಕೊಟ್ಟ ರಾಗಿಯೇ ಅವರ ವರ್ಷದ ಕೂಲಿ. ಹೆಣ್ಣಿನ ತಲೆಗೆ ಕತ್ತಿ ಸೋಕುತ್ತಿದ್ದುದು ದೇವರ ಹರಕೆಗೆ, ಇಲ್ಲವೆ ಕೆಲವು ಜಾತಿಗಳಲ್ಲಿ ವೈಧವ್ಯಕ್ಕೆ. ನೆರೆಮನೆಯ ಅಜ್ಜಿಯೊಬ್ಬರು ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು ಹಿತ್ತಿಲ ಬಾಗಿಲಲ್ಲಿ ಕುಳಿತಿರುತ್ತಿದ್ದ ಚಿತ್ರ ಇಂದಿಗೂ ನನ್ನ ಕಣ್ಣ ಮುಂದಿದೆ. ಆ ಅಜ್ಜಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ತನ್ನ ಇಷ್ಟದಂತೆ ಕೂದಲು ಕತ್ತರಿಸಿಕೊಳ್ಳುವ ಹೆಣ್ಣುಮಗು ನಮ್ಮ ಊರುಗಳಿಗೆ ತೀರ ಹೊಸಬಳು. ಅವಳನ್ನು ನಾವು ಎರಡೂವರೆ ಪಟ್ಟು ದರದಿಂದ ಸ್ವಾಗತಿಸುತ್ತಿದ್ದೇವೆ.

ಪಾವಗಡದಲ್ಲಿ ಕೆಲಸದಲ್ಲಿದ್ದಾಗ ಕಡಲೆಕಾಯಿ ಸುಗ್ಗಿಯ ಸಂಜೆಗಳಲ್ಲಿ ಕೂಲಿ ಎಣಿಸುವುದನ್ನು ಕಂಡಿದ್ದೇನೆ. ಒಂದೇ ಹೊಲ, ಒಂದೇ ಬಿಸಿಲು. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಮೆ. ಸಮಾನ ವೇತನದ ಕಾಯಿದೆ ೧೯೭೬ರಲ್ಲಿಯೇ ಬಂದಿತ್ತು. ಹೊಲದ ಬದುವನ್ನು ದಾಟಲು ಅದಕ್ಕೆ ಬಲು ಕಷ್ಟವಾಯಿತು. ದುಡಿಯುವಾಗ ಹೆಣ್ಣೆಂದು ಕಡಮೆ ಪಡೆದವಳು, ಕೊಡುವಾಗ ಹೆಣ್ಣೆಂದು ಹೆಚ್ಚು ಕೊಡಬೇಕೆ? ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಅವಳಿಗೇ ನಷ್ಟವಾದರೆ ಆ ತಕ್ಕಡಿಯನ್ನೊಮ್ಮೆ ಪರೀಕ್ಷಿಸಬೇಕಲ್ಲವೆ?

ನಮ್ಮ ಸಂವಿಧಾನದ ೧೫ನೆಯ ವಿಧಿಯು ಜಾತಿ, ಮತ, ಲಿಂಗಗಳ ಕಾರಣದಿಂದ ಯಾವ ನಾಗರಿಕರಿಗೂ ಅಂಗಡಿಯ ಬಾಗಿಲನ್ನು ಮುಚ್ಚಬಾರದೆಂದು ವಿಧಿಸಿದೆ. ದಲಿತರಿಗೆ ಕ್ಷೌರದ ಕುರ್ಚಿಯನ್ನು ನಿರಾಕರಿಸುವ ಹಳ್ಳಿಗಳು ಇಂದಿಗೂ ಕನ್ನಡನಾಡಿನಲ್ಲಿರುವುದರಿಂದ ಆ ಬಾಗಿಲಿನ ಮಾತೇ ಇನ್ನೂ ಪೂರ್ತಿಯಾಗಿ ನಡೆದಿಲ್ಲ. ಬಾಗಿಲು ದಾಟಿದವರಿಗೆ ಎದುರಾಗುವುದು ದರಪಟ್ಟಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ೧೯೯೫ರಲ್ಲಿ ಕಾಯಿದೆ ಮಾಡಿ, ಒಂದೇ ಬಗೆಯ ಸೇವೆಗೆ ಹೆಣ್ಣು-ಗಂಡೆಂದು ಬೇರೆಬೇರೆ ದರ ಪಡೆಯಬಾರದೆಂದಿತು. ವೇಳೆ, ಶ್ರಮ, ವೆಚ್ಚಗಳು ಹೆಚ್ಚಾದರೆ ಹೆಚ್ಚು ಪಡೆಯಲು ಅದರಲ್ಲಿ ಅಡ್ಡಿಯಿಲ್ಲ. ನನ್ನ ಮೊಮ್ಮಗಳ ವಾದವೂ ಇಷ್ಟೇ.

ಕೊರಟಗೆರೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ಪಾಟೀಸವಾಲು ಹಾಕಿದರು: "ಇಲ್ಲಿಂದ ಮಧುಗಿರಿಗೆ ನನ್ನ ಹೆಂಡತಿ ಬಸ್ಸಿನಲ್ಲಿ ಬಿಟ್ಟಿ ಹೋಗುತ್ತಾಳೆ, ನಾನು ದುಡ್ಡು ಕೊಡುತ್ತೇನೆ. ಅದು ಭೇದವಲ್ಲವೋ?" ಭೇದವೇ ಸರಿ. ಆದರೆ ೨೦೨೩ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯು ಸರ್ಕಾರ ಯೋಚಿಸಿ, ಎಲ್ಲರೆದುರಿಗೆ ಕಾರಣ ಹೇಳಿ ಮಾಡಿದ ಏರ್ಪಾಡು. ಸ್ತ್ರೀಯರಿಗೆ ವಿಶೇಷ ಅನುಕೂಲ ಕಲ್ಪಿಸಲು ಅದೇ ೧೫ನೆಯ ವಿಧಿಯಲ್ಲಿ ಎಡೆಯಿದೆ. ಅದು ಬೇಕೆ ಬೇಡವೆ ಎಂದು ನಾವು ವಾದಿಸಬಹುದು. ಕ್ಷೌರದಂಗಡಿಯ ಭೇದವನ್ನಾದರೋ ಯಾರೂ ಯೋಚಿಸಿ ಮಾಡಿದ್ದಲ್ಲ. ಪಕ್ಕದ ಅಂಗಡಿಯ ಗೋಡೆಯಿಂದ ಈ ಅಂಗಡಿಯ ಗೋಡೆಗೆ ನಕಲಾಗಿ ಬಂದದ್ದು.

ಕೂದಲನ್ನು ಕೂದಲೆಂದೇ ಕಾಣುವ ನ್ಯಾಯ ನಮ್ಮವರಿಗೆ ಅಪರಿಚಿತವೇನಲ್ಲ. ಪಾವಗಡ, ಮಧುಗಿರಿಗಳ ಕಡೆಯಿಂದ ತಿರುಮಲೆಗೆ ಮುಡಿ ಕೊಡಲು ಹೋಗುವವರು ಎಷ್ಟು ಮಂದಿ! ಅಲ್ಲಿಯ ಕಲ್ಯಾಣಕಟ್ಟೆಯಲ್ಲಿ ಮುಡಿ ತೆಗೆಯುವುದು ಗಂಡಿಗೂ ಉಚಿತ, ಹೆಣ್ಣಿಗೂ ಉಚಿತ. ಆಮೇಲೆ ಆ ಕೂದಲನ್ನು ಉದ್ದದ ಮೇಲೆ ವಿಂಗಡಿಸಿ ಹರಾಜಿಗಿಡುತ್ತಾರೆ. ಹಳ್ಳಿಯ ಬೀದಿಯಲ್ಲಿ ಬಾಚಣಿಗೆಗೆ ಸಿಕ್ಕ ಕೂದಲನ್ನು ಪಡೆದು ಸ್ಟೀಲು ಪಾತ್ರೆ ಕೊಡುವ ವ್ಯಾಪಾರಿಯೂ ತೂಗಿ ನೋಡಿಯೇ ಬೆಲೆ ಕಟ್ಟುತ್ತಾನೆ. ತಲೆಯಿಂದ ಇಳಿದ ಕೂದಲಿಗೆ ದೊರೆಯುವ ನ್ಯಾಯ ತಲೆಯ ಮೇಲಿರುವ ಕೂದಲಿಗೇಕೆ ದೊರೆಯಬಾರದು?

ಮುಂದಿನ ತಿಂಗಳು ಹೋದಾಗ ಅಂಗಡಿಯವರಿಗೆ ಇದನ್ನೆಲ್ಲ ಹೇಳಿದೆ. ಕತ್ತರಿಯನ್ನು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಈಗ ಉದ್ದ ಕೂದಲು ಬಿಟ್ಟ ಹುಡುಗರು ಬರ್ತಾರೆ ಮೇಷ್ಟ್ರೇ. ಗಂಡಸರ ರೇಟು ಕೊಟ್ಟು ಮುಕ್ಕಾಲು ಗಂಟೆ ಕೆಲಸ ಮಾಡಿಸ್ಕೊಂಡು ಹೋಗ್ತಾರೆ. ಅದರಲ್ಲಿ ನನಗೇ ಲುಕ್ಸಾನು" ಎಂದರು.

"ಹಾಗಾದರೆ ಈ ಪಟ್ಟಿ ನಿಮಗೂ ಅನ್ಯಾಯ ಮಾಡಿದೆ."

"ನಿಜ. ಆದರೆ ನಾನೊಬ್ಬನೇ ಬದಲಾಯಿಸಿದರೆ ಆ ಹುಡುಗರು ಎದುರಂಗಡಿಗೆ ಹೋಗ್ತಾರೆ."

ಅವರ ಅಂಜಿಕೆಯನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಬಾಡಿಗೆ ಕಟ್ಟುವವರು ಅವರು. ಆದರೂ ಒಂದು ಹಳೆಯ ಚೀಟಿಯ ಬೆನ್ನ ಮೇಲೆ ಮೂರು ಸಾಲು ಬರೆದುಕೊಟ್ಟೆ: ಕುತ್ತಿಗೆಯವರೆಗಿನ ಕೂದಲಿಗೆ ಇಷ್ಟು, ಭುಜದವರೆಗೆ ಇಷ್ಟು, ಅದಕ್ಕೂ ಉದ್ದವಾದರೆ ಇಷ್ಟು, ತೊಳೆದು ಒಣಗಿಸುವುದಕ್ಕೆ ಬೇರೆ. ಅವರು ಅದನ್ನು ಎರಡು ಸಲ ಓದಿ ಕನ್ನಡಿಯ ಅಂಚಿಗೆ ಸಿಕ್ಕಿಸಿದರು. ಚೀಟಿ ಈಗಲೂ ಅಲ್ಲಿದೆ. ಗೋಡೆಯ ಪಟ್ಟಿಯೂ ಹಾಗೆಯೇ ಇದೆ.

ದಸರೆಯ ರಜೆಗೆ ಮೊಮ್ಮಗಳು ಮತ್ತೆ ಬರುತ್ತಾಳೆ. ಅಂಗಡಿಯೊಳಗೆ ಕಾಲಿಟ್ಟವಳು ಮೊದಲು ಓದುವುದು ಆ ಗೋಡೆಯನ್ನೇ.