ಎರೆಯ ಒಡಲು

ರಾಯಚೂರು ಸೀಮೆಯ ಎರೆಹೊಲದ ಕರಿಯ ಬಣ್ಣವನ್ನು ಕಂಡವರು, ಅದರಲ್ಲಿ ಕೊಳೆತ ಗೊಬ್ಬರವೇ ತುಂಬಿದೆಯೆಂದು ಭಾವಿಸುವುದುಂಟು. ನಿಜವಾಗಿ ಅದರಲ್ಲಿ ಸಾವಯವ ಅಂಶ ಕಡಮೆಯೇ. ಎರೆಯ ಹಿರಿಮೆಯೆಲ್ಲ ಅದರ ಜೇಡಿಯಲ್ಲಿದೆ. 0.002 ಮಿಲಿಮೀಟರಿಗಿಂತಲೂ ಸಣ್ಣವಾದ ಆ ಕಣಗಳ ಮಣ್ಣು ನೀರುಂಡು ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ ಬಾಯ್ದೆರೆಯುತ್ತದೆ. ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟು, ಹಿಂಗಾರಿ ಜೋಳವನ್ನು ಬಹುಮಟ್ಟಿಗೆ ಅದರಿಂದಲೇ ಸಾಕುವ ತಾಯ್ತನ ಅದರದು. ಮರಳು ಬೆರೆತ ಕೆಂಪು ಮಸಾರಿಗೆ ಈ ಶಕ್ತಿಯಿಲ್ಲ. ಬಿದ್ದ ನೀರು ಬೇಗ ಬಸಿದುಹೋಗುತ್ತದೆ.

ಹಾಗಾದರೆ ಎರೆಗೆ ಕಾಲುವೆಯ ನೀರೂ ಕೂಡಿಬಂದರೆ ಬಂಗಾರವನ್ನೇ ಬೆಳೆಯಬೇಕಲ್ಲವೆ? 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯಿತು. ಬಹುಭಾಗ ಜೋಳ, ಹತ್ತಿಯಂಥ ಬೆಳೆಗಳಿಗೆ ಮಿತವಾಗಿ ಒದಗಲೆಂದು ಬಗೆದ ಆ ನೀರು ಗಂಗಾವತಿ, ಸಿಂಧನೂರುಗಳ ಕಡೆ ಬತ್ತದ ಗದ್ದೆಗಳಲ್ಲಿ ನಿಂತಿತು. ಎರೆಯಾದರೋ ಹಿಡಿದುದನ್ನು ಸುಲಭವಾಗಿ ಬಿಡದ ಮಣ್ಣು. ಅಂತರ್ಜಲ ಬೇರಿನ ಮಟ್ಟಕ್ಕೇರಿತು. ನೀರು ಆವಿಯಾಗಿ, ಅದರೊಳಗಿನ ಉಪ್ಪು ನೆಲದಲ್ಲಿ ಉಳಿಯಿತು. ಎಷ್ಟೋ ಹೊಲಗಳು ಸವಳಾದವು. ಇತ್ತ, ಕಾಲುವೆಯ ಕೊನೆಯಲ್ಲಿರುವ ರೈತನಿಗೆ ನೀರೇ ಸಾಲದಾಯಿತು. ಬರದಲ್ಲಿ ಕಾಯ್ದ ಗುಣವೇ ಸಮೃದ್ಧಿಯಲ್ಲಿ ಕಂಟಕವಾದುದು ಹೀಗೆ.

ಬಸಿಗಾಲುವೆ ತೋಡಿ ಉಪ್ಪನ್ನು ತೊಳೆದು ಹೊರಗೆ ಕಳುಹಿಸುವ ಉಪಾಯವುಂಟು. ಅದು ಶ್ರಮದ, ವೆಚ್ಚದ ಕೆಲಸ. ಅದಕ್ಕಿಂತ ಮೊದಲಿನ ಮಾತೊಂದು ನನಗೆ ಮುಖ್ಯವಾಗಿ ತೋರುತ್ತದೆ. ಹೊಳೆಯಲ್ಲಿ ನೀರೆಷ್ಟಿದೆಯೆಂದು ನಾವು ಅಳೆದೆವು. ಈ ಮಣ್ಣು ಎಷ್ಟು ಕುಡಿದೀತು, ಎಷ್ಟನ್ನು ಬಿಟ್ಟುಕೊಟ್ಟೀತು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯಬೇಕು.