ಇಪ್ಪತ್ತರ ಹರೆಯದ ಅಜ್ಜಾರು

ಕಣದಲ್ಲಿ ಬಿಳಿಜೋಳದ ರಾಶಿ ಬಿದ್ದ ಹೊತ್ತಿಗೆ ಇಂಡಿ, ಸಿಂದಗಿ ಕಡೆಯ ಹಳ್ಳಿಗಳಿಗೆ ಮಠದ ಮರಿಸ್ವಾಮಿಗಳು ಬರುತ್ತಾರೆ. ಮೈಮೇಲೆ ಕಾವಿ, ಹಣೆಗೆ ಮೂರು ಬೆರಳಿನ ವಿಭೂತಿ, ಹೆಗಲಿಗೆ ಜೋಳಿಗೆ. ಮೀಸೆ ಈಗಷ್ಟೇ ಚಿಗುರಿರುತ್ತದೆ. ಮೊಮ್ಮಗನ ವಾರಿಗೆಯ ಆ ಹುಡುಗನ ಪಾದ ಮುಟ್ಟಿದ ಮುದುಕಿ “ಬರ್ರಿ ಅಜ್ಜಾರ, ಈ ಸಲ ತೆನಿ ಹಗರ ಅದಾವ್ರಿ” ಎನ್ನುತ್ತಲೇ ಮೊರ ಓರೆ ಮಾಡಿ ಜೋಳ ಸುರುವುತ್ತಾಳೆ. ತೆನೆ ಹಗುರಾದ ವರ್ಷವೂ ಮೊರ ಮಾತ್ರ ಹಗುರಾಗುವುದಿಲ್ಲ.

ಹರೆಯದವನನ್ನು ಅಜ್ಜಾರು ಎನ್ನುವುದು ಹೊರಸೀಮೆಯವರಿಗೆ ನಗೆ ತರಿಸಬಹುದು. ಆದರೆ ಬಿಳಿ ಅಂಗಿ, ಟೈ ತೊಟ್ಟು ಜೋಡಿಯಾಗಿ ಓಡಾಡುವ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕ ಹುಡುಗರ ಎದೆಯ ಕಪ್ಪು ಪಟ್ಟಿ ನೋಡಿ: ಹೆಸರಿನ ಮುಂಚೆ ‘ಎಲ್ಡರ್’ ಎಂದಿರುತ್ತದೆ. ಅಂದರೆ ಹಿರಿಯ! ಹದಿನೆಂಟು ತುಂಬಿದರೆ ಸಾಕು, ಹಿರಿಯನಾಗಿ ಮನೆ ಬಿಡಬಹುದು. ಅಮೆರಿಕದಲ್ಲಿ 1830ರಲ್ಲಿ ಹುಟ್ಟಿದ ಈ ಪಂಥ 1993ರಲ್ಲಿ ಬೆಂಗಳೂರಿನಲ್ಲಿ ತನ್ನ ಮಿಷನ್ ತೆರೆಯಿತು. ಗಂಡುಮಕ್ಕಳ ಸೇವೆ 2 ವರ್ಷ, ಹೆಣ್ಣುಮಕ್ಕಳದು 18 ತಿಂಗಳು. ಯಾವ ದೇಶ, ಯಾವ ಊರು ಎಂದು ಆರಿಸುವವರು ಅವರಲ್ಲ. ಪತ್ರ ಬಂದ ಕಡೆಗೆ ಗಂಟು ಕಟ್ಟಬೇಕು. ಸಾಮಾನ್ಯವಾಗಿ ಬೆಳಗ್ಗೆ 6.30ಕ್ಕೆ ಏಳು, ಓದು, ಬಾಗಿಲು ತಟ್ಟು, ರಾತ್ರಿ 10.30ಕ್ಕೆ ದೀಪ ಆರಿಸು. ಜೊತೆಗಾರನನ್ನು ಬಿಟ್ಟು ಒಬ್ಬನೇ ಅಡ್ಡಾಡುವಂತಿಲ್ಲ.

ನಮ್ಮವರ ತಾಲೀಮು ಎರಡು ವರ್ಷಕ್ಕೆ ಮುಗಿಯುವಂಥದ್ದಲ್ಲ. ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗೆ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರ ಕಟ್ಟಿದ್ದೇ ಇದಕ್ಕಾಗಿ. ಹುಡುಗರು ಅಲ್ಲಿ ಸಂಸ್ಕೃತ, ಕನ್ನಡ, ಸಂಗೀತ, ಯೋಗ ಕಲಿಯುತ್ತಾರೆ. ಗೋಶಾಲೆಯ ಸಗಣಿಯನ್ನು ಉಂಡೆ ಕಟ್ಟಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಸೋಸಿ ವಿಭೂತಿ ಗಟ್ಟಿ ಮಾಡುವ ಕೆಲಸವೂ ಅಲ್ಲಿಯದೇ. ಪಟ್ಟವಾಗುವ ಮುಂಚೆ ಇವರ ಹೆಸರಿನ ಕೊನೆಗೆ ‘ದೇವರು’ ಎಂದು ಸೇರುತ್ತದೆ. ಎಲ್ಡರನನ್ನು ಮೀರಿಸಿದ ಬಡ್ತಿ ಅನ್ನಿ.

ಇಬ್ಬರಲ್ಲಿ ನನಗೆ ಮುಖ್ಯ ಎನಿಸುವ ಫರಕು ಬೇರೆಯದು. ಮಾರ್ಮನ್ ಹುಡುಗನ ಖರ್ಚನ್ನು ಅವನೂ ಅವನ ಮನೆಯವರೂ ಕೂಡಿಟ್ಟ ಹಣದಿಂದ ತುಂಬುತ್ತಾರೆ. ಅವನು ಬಾಗಿಲಿಗೆ ಬರುವುದು ಕೊಡಲು. ನಮ್ಮ ಮರಿಸ್ವಾಮಿ, ಊರೂರು ನಡೆಯುವ ಜಂಗಮ, ಬರುವುದು ಬೇಡಲು. ಬೇಯಿಸಿದ್ದನ್ನು ಬೇಡಿದರೆ ಕಂತಿಭಿಕ್ಷೆ, ಕಾಳು ಬೇಡಿದರೆ ಕೋರಾನ್ನ. ಬೇಡಿದವನು ಆ ಮನೆಯ ಹಂಗಿಗೆ ಬೀಳುತ್ತಾನೆ, ಜೋಳ ಹಾಕಿದ ಮುದುಕಿ ಮುಂದೆ ಮಠಕ್ಕೆ ಹೋಗಿ “ನಮ್ಮ ಊರಿಗಿ ಯಾಕ ಬರಲಿಲ್ರಿ?” ಎಂದು ಗದರಿಸಿ ಕೇಳಬಲ್ಲಳು. ನಿಂತದ್ದಕ್ಕಿಂತ ನಡೆಯುವುದು ದೊಡ್ಡದು ಎಂದು ಸಾರಿದ ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲಿ, ಮಠದ ಗೋಡೆ ಮಳಿಗೆಗಳಾಗಿ ಬೆಳೆದಂತೆ ಜಂಗಮನ ಕಾಲು ಕಾರು ಹತ್ತಿದೆ ಎಂಬ ಕೊರಗೂ ಉಂಟು. ಕೊರಗು ಸುಳ್ಳಲ್ಲ. ಕಾರಿನ ಕಿಟಕಿಯಿಂದ ಮೊರ ಕಾಣುವುದಿಲ್ಲ.

ಜೋಳಿಗೆ ಶಾಲೆಗಳನ್ನೂ ಕಟ್ಟಿದೆ. ಫ.ಗು. ಹಳಕಟ್ಟಿಯವರು 1910ರಲ್ಲಿ ವಿಜಯಪುರದಲ್ಲಿ ಹುಟ್ಟುಹಾಕಿದ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಬೆಳೆಸಿದವರಲ್ಲಿ ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಒಬ್ಬರು.

ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಸಿಗುವ ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆಯ ಪದ್ಧತಿಯನ್ನೇ ತಿರುವಿಹಾಕಿದರು. ಜೋಳ ಬೇಡ, ರೊಕ್ಕ ಬೇಡ. ನಿಮ್ಮ ಚಟ ಹಾಕಿರಿ ಎಂದು ಮನೆಮನೆಗೆ ಹೋದರು. ಜನ ಬೀಡಿ, ತಂಬಾಕು, ಸೆರೆಯನ್ನು ಬಿಡುವ ಆಣೆ ಹಾಕಿದರು. ಅವರ ಹುಟ್ಟುಹಬ್ಬದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮಹಾಂತ ಜೋಳಿಗೆ ಊರೂರಲ್ಲಿ ತುಂಬಿತು. ಮಠದ ಕಣಜಕ್ಕೆ ಮಾತ್ರ ಅದರಿಂದ ಒಂದು ಕಾಳೂ ಬರಲಿಲ್ಲ.