ಬೀದಿಯ ಅಗಲವೂ ಕಥೆಯೇ

ವಿಕ್ಟರ್ ಹ್ಯೂಗೋನ ‘ಲೆ ಮಿಸರಾಬ್ಲ್’ ಕಾದಂಬರಿಯ ಅಭಿಮಾನಿಯಾಗಿ, ಅದರ ಪಾತ್ರಗಳನ್ನೇ ಎರವಲು ಪಡೆದು ನಾನೊಂದು ಕಥೆ ಬರೆದೆ. ಕಾಲ 1832ರ ಜೂನ್, ಸ್ಥಳ ಪ್ಯಾರಿಸ್. ದಂಗೆಕೋರರು ವಿಶಾಲ ರಾಜಬೀದಿಗೆ ಅಡ್ಡಗಟ್ಟೆ ಕಟ್ಟುತ್ತಾರೆ. ಹಿನ್ನೆಲೆಯಲ್ಲಿ ಐಫೆಲ್ ಗೋಪುರ. ಓದಿದ ಮಗಳು ನಕ್ಕಳು: “ಅಪ್ಪಾ, ಆ ಗೋಪುರ ಮುಗಿದದ್ದೇ 1889ರಲ್ಲಿ!”

ನಾಚಿಕೊಂಡು ಇತಿಹಾಸ ತಿರುವಿದೆ. ಓಸ್ಮಾನ್ ಹಳೆಯ ನಗರವನ್ನು ಸೀಳಿ ಅಗಲ ರಸ್ತೆಗಳನ್ನು ನಿರ್ಮಿಸಿದ್ದು 1853ರ ನಂತರ. ಅದಕ್ಕೂ ಹಿಂದಿನ ಇಕ್ಕಟ್ಟಿನ ಗಲ್ಲಿಗಳನ್ನು ಮುಚ್ಚಲು ಮಗುಚಿದ ಗಾಡಿ, ಕೆಲವು ಪೀಪಾಯಿ, ಕಿತ್ತ ನೆಲಗಲ್ಲುಗಳೇ ಸಾಕಾಗಿದ್ದವು. ಆ ವರ್ಷ ಕಾಲರಾ ನಗರದ ಸುಮಾರು 18,000 ಜನರನ್ನು ಬಲಿ ತೆಗೆದುಕೊಂಡಿತು. ದಂಗೆ ಸಿಡಿದದ್ದೂ ಅದೇ ರೋಗಕ್ಕೆ ತುತ್ತಾದ ಜನರಲ್ ಲಮಾರ್ಕ್‌ನ ಶವಯಾತ್ರೆಯಲ್ಲಿ.

ಸ್ಥಳೀಯ ವಿವರವೆಂದರೆ ಕಥೆಗೆ ತೊಡಿಸುವ ಒಡವೆಯಲ್ಲ, ಅದರ ಕಾರಣ. ಗೋಪುರವನ್ನು ಕೆಡವಿದೆ, ಗಲ್ಲಿಯನ್ನು ಕಿರಿದಾಗಿಸಿದೆ. ನನ್ನ ದಂಗೆಕೋರರ ಸಿಟ್ಟು ಆಗಷ್ಟೇ ನನಗೂ ಅರ್ಥವಾಯಿತು.